ವಿದೋಸಾವಾಳ ಸರಪಳಿ

ಸುವೊಬೋರ್ ಬೆಟ್ಟದ ಈ ಮಗ್ಗುಲಿನ ಹಳ್ಳಿಗಳಲ್ಲಿ ಪ್ಲಮ್ ಹಣ್ಣು ಪೀಪಾಯಿಯೊಳಗೆ ಹುಳಿಬಂದು ಗುಳುಗುಳು ಎನ್ನತೊಡಗಿತೆಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ವಿದೋಸಾವಾ. ಕರೆಯುವುದಕ್ಕೂ ಅದೇ ಹೆಸರು, ಬೈಯುವುದಕ್ಕೂ ಅದೇ. ಟ್ರೇಲರಿನ ಮೇಲೆ ಕೂರಿಸಿದ ತಾಮ್ರದ ಭಟ್ಟಿ ಹಂಡೆಯನ್ನು ಹಳೆಯ ಡೀಸೆಲ್ ವ್ಯಾನಿನ ಹಿಂದೆ ಕಟ್ಟಿಕೊಂಡು, ಮನೆಯಿಂದ ಮನೆಗೆ ಎಳೆದೊಯ್ದು, ಅವರವರ ಅಂಗಳದಲ್ಲೇ ಅವರವರ ರಾಕಿಯಾ, ಅಂದರೆ ಹಣ್ಣಿನ ಸಾರಾಯಿ, ಇಳಿಸಿಕೊಡುವುದು ಅವಳ ಕಸುಬು. ಅವಳು ಇಳಿಸಿದ ರಾಕಿಯಾದ ಬಗ್ಗೆ ಯಾರೂ ತುಟಿ ಎರಡು ಮಾಡಿದವರಲ್ಲ. ಅವಳ ನಾಲಿಗೆಯ ಬಗ್ಗೆ ಮಾತ್ರ ಎಲ್ಲರಿಗೂ ದೂರು.

ದೂರಿದ್ದರೆ ಇರಲಿ. ಅವಳು ಬೈಯುತ್ತಿದ್ದುದು ಸುಮ್ಮನೆ ಅಲ್ಲ. ಗಾರೆಯವನು ಕಾಂಕ್ರೀಟ್ ಮಿಕ್ಸರನ್ನು ಹುಲ್ಲಿನ ಹೊರೆ ಕಟ್ಟುವ ದಾರದಿಂದ ಕಾರಿನ ಹಿಂದಕ್ಕೆ ಬಿಗಿದುಕೊಂಡು ಹೊರಟರೆ, ವ್ಯಾನನ್ನು ಅಡ್ಡ ನಿಲ್ಲಿಸಿ ಇಳಿಯುತ್ತಿದ್ದಳು. ಮನೆಗಳಿಗೆ ಹೆಂಚು ಹೊದಿಸುವ ಮಿಲಿಸಾವ್ ಒಮ್ಮೆ ಉದ್ದನೆಯ ಏಣಿಯನ್ನು ಗಾಡಿಯ ಹಿಂದೆ ಆಳುದ್ದ ಚಾಚಿಕೊಂಡು, ತುದಿಗೊಂದು ಕೆಂಪು ಚಿಂದಿಯನ್ನೂ ಕಟ್ಟದೆ ಪೇಟೆಗೆ ಹೊರಟಿದ್ದ. ಅವಳು ತನ್ನ ತಲೆಯ ಮೇಲಿನ ಚೌಕವನ್ನೇ ಬಿಚ್ಚಿ ಏಣಿಗೆ ಕಟ್ಟಿ, "ನಿನ್ನ ಹಿಂದೆ ಬರೋನ ಕಣ್ಣು ಏನು ನಿಮ್ಮಪ್ಪನ ಮನೆ ಹೆಂಚಾ, ಒಡೆದ್ರೆ ಬೇರೆ ಹಾಕೋಕೆ?" ಎಂದು ಕೇಳಿದ್ದಳು. ಅಂದಿನಿಂದ ಮಿಲಿಸಾವ್ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾನೆ. ಅವಳ ವ್ಯಾನು ಕಂಡರೆ ಏಣಿ ಸರಿಯಾಗಿದೆಯೇ ಎಂದು ಹಿಂತಿರುಗಿಯೂ ನೋಡುತ್ತಾನೆ.

ಅವಳದ್ದೇ ಕೆಲವು ಕಟ್ಟಳೆಗಳಿದ್ದವು. ಹಂಡೆ ಅಂಗಳ ಬಿಡುವ ಮುನ್ನ ಒಲೆಯಲ್ಲಿ ಕೆಂಡದ ಚೂರೂ ಇರಕೂಡದು. ಆವಿ ತಣಿಸುವ ನೀರಿನ ಪೀಪಾಯಿ ಟ್ರೇಲರಿನ ಬಾಲದಲ್ಲಿದೆ, ಅದನ್ನು ಬರಿದು ಮಾಡದೆ ಗಾಲಿ ಉರುಳಕೂಡದು. ಭಾರವೆಲ್ಲ ಅಚ್ಚಿನಿಂದ ತುಸು ಮುಂದಕ್ಕಿರಬೇಕು. ಹಿಂಭಾರವಾದರೆ ವ್ಯಾನಿನ ಕೊಂಡಿಗೆ ಸಿಕ್ಕುವ ಮೂಕಿ ಮೇಲೆದ್ದು, ಇಳಿಜಾರಿನಲ್ಲಿ ಟ್ರೇಲರು ನಾಯಿಬಾಲದಂತೆ ಆಡುತ್ತದೆ. ಹಾಗೆ ಆಡತೊಡಗಿದಾಗ ಬ್ರೇಕ್ ತುಳಿದವನು ಕೆಟ್ಟ. ಕಾಲು ಸಡಿಲಿಸಿ, ಸ್ಟೇರಿಂಗ್ ನೆಟ್ಟಗೆ ಹಿಡಿದು, ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. ಇಳಿಯುವಾಗ ಯಾವ ಗೇರು ಎಂಬುದನ್ನು ಇಳಿಜಾರಿನ ನೆತ್ತಿಯಲ್ಲೇ ನಿಶ್ಚಯಿಸಬೇಕು, ನಡುವೆ ಅಲ್ಲ. ಕೊಂಡಿಗೆ ಪಿನ್ನು ಇಳಿಸಿದ ಮೇಲೆ ಎರಡು ಸರಪಳಿಗಳನ್ನು ಅದರ ಕೆಳಗೆ ಒಂದರ ಮೇಲೊಂದು ದಾಟಿಸಿ ಹಾಕಬೇಕು. ಪಿನ್ನು ಜಿಗಿದರೂ ಮೂಕಿ ನೆಲಕ್ಕೆ ಬೀಳದೆ ಆ ಸರಪಳಿಯ ತೊಟ್ಟಿಲಿನಲ್ಲಿ ಕೂರುತ್ತದೆ. ಊರು ಮುಟ್ಟಿದ ಮೇಲೆ ಗಾಲಿಯ ಗುಂಬ ಮುಟ್ಟಿ ನೋಡಬೇಕು, ಕೈ ಸುಟ್ಟರೆ ಬೇರಿಂಗು ಹೋಗುತ್ತಿದೆ ಎಂದರ್ಥ. ಕೊಂಡಿ ಬಿಚ್ಚುವ ಮುನ್ನ ಚಕ್ರಕ್ಕೆ ಕಲ್ಲು ಕೊಡಬೇಕು. ಇದರಲ್ಲಿ ಯಾವುದು ಕಷ್ಟ ಹೇಳಿ.

ಎಲ್ಲಕ್ಕಿಂತ ಜನಕ್ಕೆ ಉರಿ ಹತ್ತಿಸುತ್ತಿದ್ದುದು ಅವಳ ಕೊನೆಯ ಕಟ್ಟಳೆ. ಹಂಡೆ ಎಳೆಯುವ ದಿನ ಅವಳು ತೊಟ್ಟೂ ಕುಡಿಯುತ್ತಿರಲಿಲ್ಲ. ಇಲ್ಲಿ ಹಂಡೆಯ ಬಳಿ ಯಜಮಾನ ಬಿಸಿ ಬಿಸಿ ರಾಕಿಯಾದ ಗ್ಲಾಸು ನೀಡಿದಾಗ ಬೇಡ ಎನ್ನುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಅವಳು ಗ್ಲಾಸು ತೆಗೆದುಕೊಳ್ಳುತ್ತಿದ್ದಳು, ಎರಡು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸುತ್ತಿದ್ದಳು, ಸೀಸೆ ಅಲುಗಿಸಿ ಕತ್ತಿನಲ್ಲಿ ನಿಲ್ಲುವ ಗುಳ್ಳೆಗಳ ಸರ ನೋಡುತ್ತಿದ್ದಳು, "ಚೆನ್ನಾಗಿದೆ" ಎಂದು ಗ್ಲಾಸನ್ನು ಹಾಗೇ ಮೇಜಿನ ಮೇಲಿಡುತ್ತಿದ್ದಳು. ಹಾಗೆ ಇಟ್ಟ ಗ್ಲಾಸುಗಳನ್ನು ಜನ ಇವತ್ತಿಗೂ ಮರೆತಿಲ್ಲ. ಅವಳು ಯಾಕೆ ಇಡುತ್ತಾಳೆ ಎಂಬುದನ್ನು ಮಾತ್ರ ಸಲೀಸಾಗಿ ಮರೆತಿದ್ದಾರೆ.

ಹಂಡೆ ಮೊದಲು ಅವಳ ಗಂಡ ಒಬ್ರೆನ್‌ನದು. ಹಾಡುಗಾರ, ನಗುಮುಖದವನು, ಯಾರ ಗ್ಲಾಸನ್ನೂ ಬೇಡ ಎಂದವನಲ್ಲ. ಅವನ ಕೂಮ್ ತಿಹೋಮಿರ್. ಕೂಮ್ ಎಂದರೆ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವನು. ಒಡಹುಟ್ಟಿದವನ ಜೊತೆ ಮಾತು ಬಿಟ್ಟರೂ ನಡೆದೀತು, ಕೂಮ್ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಅಂಥದೇ ಒಂದು ಶರತ್ಕಾಲದಲ್ಲಿ ಮೇಲಿನ ಕೇರಿಯಿಂದ ತಿಹೋಮಿರನ ಮನೆಗೆ ಹಂಡೆ ಇಳಿಯಬೇಕಿತ್ತು. ತಿಹೋಮಿರನ ಬಾವಿ ಆ ವರ್ಷ ಬತ್ತಿತ್ತು, ಹಂಡೆ ಕರೆದೊಯ್ಯಲು ಅವನೇ ಮೇಲಿನ ಕೇರಿಗೆ ಬಂದಿದ್ದ. ನೀರು ಚೆಲ್ಲಬೇಡ, ಪೀಪಾಯಿ ತುಂಬಿದ ಹಾಗೇ ತಾ ಎಂದ. ಒಬ್ರೆನ್ ಚೆಲ್ಲಲಿಲ್ಲ. ಹೊರಡುವಾಗ ಇನ್ನೊಂದು ಗ್ಲಾಸು ಎಂದ. ಒಬ್ರೆನ್ ಕುಡಿದ. ಒಂದು ಮೈಲಿ ದೂರಕ್ಕೆ ಯಾಕೆ ಸರಪಳಿ ಎಂದು ನಕ್ಕ. ಒಬ್ರೆನ್ ಸರಪಳಿಯನ್ನು ವ್ಯಾನಿನೊಳಗೆ ಎಸೆದ. ತಿರುವಿನಲ್ಲಿ ಬಾಲ ಭಾರವಾಗಿ ಮೂಕಿ ಎದ್ದು ಪಿನ್ನು ಜಿಗಿಯಿತು, ಟ್ರೇಲರು ತನ್ನ ಪಾಡಿಗೆ ತಾನು ಉರುಳತೊಡಗಿತು. ಒಬ್ರೆನ್ ವ್ಯಾನು ನಿಲ್ಲಿಸಿ ಓಡಿಹೋಗಿ ಅದಕ್ಕೆ ಎದೆಕೊಟ್ಟು ನಿಂತ. ಎಚ್ಚರವಿರುವ ಯಾವ ಮನುಷ್ಯನೂ ಆ ಕೆಲಸ ಮಾಡುವುದಿಲ್ಲ.

ಮಣ್ಣಿಗೆ ಹಾಕಿ ಬಂದ ಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು, ಹಣೆಬರಹ. ತಿಹೋಮಿರ್ ಅತ್ತು ಅತ್ತು ಕಣ್ಣು ಊದಿಸಿಕೊಂಡು, ಆ ತಿರುವಿನಲ್ಲೇ ತನ್ನ ಖರ್ಚಿನಲ್ಲಿ ಕಲ್ಲು ನಿಲ್ಲಿಸಿದ. ಈ ಕಡೆ ದಾರಿಯಲ್ಲಿ ಸತ್ತವರಿಗೆ ದಾರಿಬದಿಯಲ್ಲೇ ಕಲ್ಲು ನಿಲ್ಲಿಸುವುದು ಹಳೆಯ ರೂಢಿ. ಕಲ್ಲಿನ ಮೇಲೆ ಒಬ್ರೆನ್‌ನ ಸೊಂಟದವರೆಗಿನ ಚಿತ್ರ, ಮೀಸೆ, ಟೋಪಿ, ಎತ್ತಿ ಹಿಡಿದ ಬಲಗೈ. ಆ ಕೈಯಲ್ಲಿ ಒಂದು ಗ್ಲಾಸು. ಹಾದುಹೋಗುವ ಊರವರೆಲ್ಲ ನಿಂತು, ಸೀಸೆ ತೆರೆದು, ನೆಲಕ್ಕೆ ಒಂದಿಷ್ಟು ರಾಕಿಯಾ ಸುರಿದು, ತಾವೂ ಒಂದು ಗುಟುಕು ಕುಡಿದು, ಮತ್ತೆ ಗಾಡಿ ಹತ್ತಿ ಅದೇ ಇಳಿಜಾರಿನಲ್ಲಿ ಇಳಿಯುತ್ತಾರೆ. ಯಾವುದು ಅವನನ್ನು ಕೊಂದಿತೋ ಅದನ್ನೇ ಅವನಿಗೆ ಕುಡಿಸುತ್ತಾರೆ, ಕುಡಿಸಿದವರೂ ಕುಡಿದೇ ಮುಂದೆ ಹೋಗುತ್ತಾರೆ. ವಿದೋಸಾವಾಳಿಗೆ ಇದನ್ನು ಕಂಡಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು. ಆದರೆ ಕಲ್ಲು ನಿಲ್ಲಿಸಿದವನು ಕೂಮ್. ಪ್ರೀತಿಯಿಂದಲೇ ನಿಲ್ಲಿಸಿದ್ದ. ಏನೆನ್ನುವುದು? ನಜ್ಜುಗುಜ್ಜಾದ ಹಂಡೆಯನ್ನು ಕಂಚುಗಾರನಿಂದ ಬಡಿಸಿ ಸರಿಮಾಡಿಸಿದಳು, ವ್ಯಾನು ಓಡಿಸುವುದನ್ನು ಕಲಿತಳು, ಹಲ್ಲು ಕಚ್ಚಿಕೊಂಡು ಆ ತಿರುವನ್ನು ದಾಟುತ್ತಾ ಬಂದಳು.

ಈ ಸಲ ತಿಹೋಮಿರನ ಮಗನ ಮದುವೆ. ಮದುವೆಯ ರಾಕಿಯಾ ಇಳಿಯಬೇಕು, ಹಂಡೆ ಆಗ ಮೇಲಿನ ಕೇರಿಯ ಮಿಲಿಸಾವನ ಅಂಗಳದಲ್ಲಿತ್ತು. ಬೆಳಿಗ್ಗೆ ಕೆಲಸ ಮುಗಿದು ವಿದೋಸಾವಾ ಮನೆಯ ಹಿಂದೆ ಹಂಡೆಯ ಮುಚ್ಚಳ, ಕೊಳವೆಗಳನ್ನು ತೊಳೆಯುತ್ತಿದ್ದಾಗ ಮುಂದಿನ ಅಂಗಳದಿಂದ ನಗು, ಹಾಡು ಕೇಳಿಸಿತು. ತಿಹೋಮಿರ್ ಹೊಸ ಪಿಕಪ್ ತೆಗೆದುಕೊಂಡು ಬಂದಿದ್ದ. ಕನ್ನಡಿಯ ಹಾಗೆ ಹೊಳೆಯುವ ಗಾಡಿ, ಅದಕ್ಕೆ ತಕ್ಕ ಕೊಂಡಿ. ಹತ್ತಾರು ಜನ ಸುತ್ತ ನಿಂತು ಅದರ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದರು, ಗ್ಲಾಸು ಕೈಯಿಂದ ಕೈಗೆ ಓಡಾಡುತ್ತಿತ್ತು. ಅವಳು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹಂಡೆಯ ಟ್ರೇಲರು ಪಿಕಪ್ಪಿನ ಹಿಂದೆ ಸಿಕ್ಕಿಕೊಂಡಿತ್ತು.

ಅವಳು ಮೊದಲು ನೋಡಿದ್ದು ಬಾಲವನ್ನು. ನೀರಿನ ಪೀಪಾಯಿ ಅಂಚಿನವರೆಗೆ ತುಂಬಿತ್ತು. ಅದರ ಪಕ್ಕದಲ್ಲಿ, ಇಳಿಸಲು ಸುಲಭವೆಂದು, ಮಿಲಿಸಾವ್ ಮದುವೆಗೆ ಉಡುಗೊರೆ ಕೊಟ್ಟ ಹುಳಿಬಂದ ಪ್ಲಮ್ಮಿನ ಎರಡು ದಪ್ಪ ಡ್ರಮ್ಮುಗಳು. ಸರಪಳಿಗಳು ನೆಲದಲ್ಲಿ ಬಿದ್ದಿದ್ದವು.

"ಬಾ ಕೂಮಾ, ಬಾ," ಎಂದ ತಿಹೋಮಿರ್. ಅವನ ಮುಖ ಕೆಂಪಗಾಗಿತ್ತು. "ಇವತ್ತು ನಿನ್ನ ಡಕೋಟಾ ವ್ಯಾನಿಗೆ ರಜೆ. ರಾಣಿ ಹಾಗೆ ಪಕ್ಕದಲ್ಲಿ ಕೂತ್ಕೋ, ನಾನು ಎಳೀತೀನಿ."

"ನೀರು ಯಾಕೆ ಚೆಲ್ಲಿಲ್ಲ?"

"ನಮ್ಮ ಮನೆ ಬಾವೀಲಿ ನೀರಿಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತು. ಆವತ್ತೂ ಇರಲಿಲ್ಲ."

ಅವಳು ಹೋಗಿ ಪೀಪಾಯಿಯ ಬುಡದ ಬಿರಡೆಯನ್ನು ಕಿತ್ತಳು. ನೀರು ದಬದಬ ಸುರಿದು ಅಂಗಳವೆಲ್ಲ ಹರಿದು, ತಿಹೋಮಿರನ ಹೊಸ ಬೂಟುಗಳನ್ನೂ ತೋಯಿಸಿತು. ಆಮೇಲೆ ಚಕ್ರಕ್ಕೆ ಕಲ್ಲು ಕೊಟ್ಟು, ಕೊಂಡಿಯ ಬಳಿ ಕುಕ್ಕರಗಾಲಲ್ಲಿ ಕೂತು ಪಿನ್ನು ಎಳೆದು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.

"ಎಲ್ಲರ ಎದುರಿಗೆ ನನ್ನ ಮರ್ಯಾದೆ ಕಳೀತಿದೀಯ," ಎಂದ ತಿಹೋಮಿರ್. ಅವನ ದನಿ ಈಗ ಬೇರೆಯಾಗಿತ್ತು. "ಕೂಮ್ ಕೇಳಿದಾಗ ಇಲ್ಲ ಅಂತಾರಾ ಯಾರಾದ್ರೂ?"

"ಅನ್ನಲ್ಲ. ಒಬ್ರೆನ್ ಒಂದು ಸಲಾನೂ ಅನ್ನಲಿಲ್ಲ. ನೀರು ಚೆಲ್ಲಬೇಡ ಅಂದೆ, ಚೆಲ್ಲಲಿಲ್ಲ. ಇನ್ನೊಂದು ಗ್ಲಾಸು ಅಂದೆ, ಕುಡಿದ. ಸರಪಳಿ ಯಾಕೆ ಅಂದೆ, ತೆಗೆದ. ಅಷ್ಟು ಒಳ್ಳೆ ಕೂಮ್ ನಿಂಗೆ ಎಲ್ಲಿ ಸಿಗ್ತಾನೆ?"

"ಅದು ಅವನ ಹಣೆಬರಹ, ವಿದಾ."

"ಹಣೇಲಿ ಬರೆದಿರಲಿಲ್ಲ. ಪೀಪಾಯಿ ತುಂಬಾ ನೀರಿತ್ತು, ಅದು ನೀನು ಮಾಡಿಸಿದ್ದು. ಹನ್ನೊಂದು ವರ್ಷದಿಂದ ನೀವೆಲ್ಲ ದೇವರ ತಲೆ ಮೇಲೆ ಹಾಕಿ ಕೈ ತೊಳ್ಕೊಂಡು ಕೂತಿದೀರಿ. ದೇವರು ಪಾಪ ಏನು ಮಾಡ್ತಾನೆ, ಅವನಿಗೇನು ಸರಪಳಿ ಹಾಕೋಕೆ ಬರುತ್ತಾ?"

ಯಾರೋ ಮುದುಕ ಶಿಲುಬೆಯ ಗುರುತು ಹಾಕಿಕೊಂಡ. ತಿಹೋಮಿರ್ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದ.

"ಹಾಗಾದ್ರೆ ಕೇಳು. ಪೇಟೆಯಿಂದ ಬೇರೆ ಹಂಡೆ ತರಿಸ್ತೀನಿ. ನಿನ್ನ ಹಂಡೆಗೆ ಈ ಬೆಟ್ಟದಲ್ಲಿ ಇನ್ನು ಯಾರೂ ಒಂದು ಪ್ಲಮ್ ಹಾಕಲ್ಲ. ಇವತ್ತಿಂದ ನಾವು ಕೂಮ್ ಅಲ್ಲ."

ಅವನು ಪಿಕಪ್ ಹತ್ತಿ ಕಲ್ಲು ಸಿಡಿಸಿಕೊಂಡು ಹೊರಟುಹೋದ. ಅಂಗಳದಲ್ಲಿದ್ದವರು ಅವಳ ಮುಖ ನೋಡಲಾರದೆ ನೆಲ ನೋಡುತ್ತಾ ನಿಂತರು. ಅವನು ಹೇಳಿದ್ದು ಬರೀ ಬೆದರಿಕೆಯಲ್ಲ, ಅವನ ಮಾತು ಈ ಊರುಗಳಲ್ಲಿ ನಡೆಯುತ್ತಿತ್ತು. ಹಂಡೆ ನಿಂತರೆ ಅವಳ ಒಲೆಯೂ ನಿಂತ ಹಾಗೆಯೇ. ಮಿಲಿಸಾವ್ ಒಬ್ಬನೇ ಹತ್ತಿರ ಬಂದು, "ಚಿಕ್ಕಮ್ಮ, ಅವನ ಹಿಂದೆ ಹೋಗಿ ಒಂದು ಮಾತು ಹೇಳಿಬಿಡಿ. ಮದುವೆ ಮನೆ ಅಲ್ವಾ," ಎಂದ.

"ಹೋಗ್ತೀನಿ. ಮೊದಲು ಈ ಡ್ರಮ್ಮು ಮುಂದಕ್ಕೆ ಸರಿಸು."

ಡ್ರಮ್ಮುಗಳು ಅಚ್ಚಿನ ಮುಂದಕ್ಕೆ ಬಂದವು. ಒಲೆಯ ಬೂದಿ ಕೆದಕಿ ನೋಡಿದಳು, ತನ್ನ ವ್ಯಾನು ಹಿಂದಿಟ್ಟು ಕೊಂಡಿ ಸೇರಿಸಿ ಪಿನ್ನು ಇಳಿಸಿದಳು, ಸರಪಳಿಗಳನ್ನು ದಾಟಿಸಿ ಹಾಕಿದಳು, ಮಿಲಿಸಾವನನ್ನು ಹಿಂದೆ ನಿಲ್ಲಿಸಿ ದೀಪ ಉರಿಯುತ್ತವೆಯೇ ಎಂದು ಕೇಳಿದಳು. ಕೋಪ ನೆತ್ತಿಗೇರಿದ್ದರೂ ಒಂದನ್ನೂ ಬಿಡಲಿಲ್ಲ. ಇಳಿಜಾರಿನ ನೆತ್ತಿಯಲ್ಲಿ ಗೇರು ಇಳಿಸಿ, ಎಂಜಿನ್ನಿಗೇ ಭಾರ ಹೊರಿಸಿ, ಎತ್ತು ಇಳಿಯುವ ಹಾಗೆ ಇಳಿದಳು.

ತಿರುವಿನಲ್ಲಿ ಪಿಕಪ್ ನಿಂತಿತ್ತು. ತಿಹೋಮಿರ್ ಟೋಪಿ ತೆಗೆದು ಕಲ್ಲಿನ ಮುಂದೆ ಸೀಸೆ ಹಿಡಿದು ನಿಂತಿದ್ದ. ಕೂಮ್ ಸಂಬಂಧ ಕಡಿದುಕೊಂಡ ಬಾಯಿಯಲ್ಲೇ ಸತ್ತ ಕೂಮ್‌ಗೆ ದೂರು ಹೇಳುತ್ತಿದ್ದನೋ ಏನೋ. ಅವಳು ವ್ಯಾನನ್ನು ಪೂರ್ತಿ ಬದಿಗೆ ತಂದು ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಸಲಕರಣೆ ಪೆಟ್ಟಿಗೆಯಿಂದ ಉಳಿ ಮತ್ತು ಸುತ್ತಿಗೆ ತೆಗೆದಳು. ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಕಲ್ಲಿನ ಮುಂದೆ ನಿಂತಳು.

"ಏನು ಮಾಡ್ತಿದೀಯ?"

ಅವಳು ಉಳಿಯ ಬಾಯನ್ನು ಕೆತ್ತಿದ ಗ್ಲಾಸಿನ ಅಂಚಿಗಿಟ್ಟು ಹೊಡೆದಳು. ಬಿಳಿಯ ಚೂರು ಹಾರಿತು.

"ವಿದಾ, ಪಾಪ ಸುತ್ಕೊಳತ್ತೆ. ಸತ್ತವನ ಕಲ್ಲು ಅದು."

"ನನ್ನ ಗಂಡನ ಕಲ್ಲು. ನೀನು ಒಳ್ಳೆ ಮನಸ್ಸಿಂದ ನಿಲ್ಲಿಸಿದೆ, ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡು ಇದ್ದೆ." ಮತ್ತೆ ಒಂದು ಏಟು. "ಇಲ್ಲಿ ದಾಟೋ ಪ್ರತಿಯೊಬ್ಬನಿಗೂ ಇವನು ಕುಡಿ ಕುಡಿ ಅಂತ ಹೇಳ್ತಾ ನಿಂತಿದಾನೆ. ಸತ್ತ ಮೇಲೂ ಅವನ ಕೈಯಿಂದ ಆ ಕೆಲಸ ಮಾಡಿಸ್ತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

ತಿಹೋಮಿರ್ ತಡೆಯಲು ಒಂದು ಹೆಜ್ಜೆ ಇಟ್ಟ, ನಿಂತ. ಅವಳು ಕೆಲಸ ಬಲ್ಲವಳ ಹಾಗೆ ಬೆರಳುಗಳಿಗೆ ತಾಗದಂತೆ, ಗ್ಲಾಸನ್ನು ಮಾತ್ರ ಚೂರು ಚೂರಾಗಿ ಕೆತ್ತಿ ತೆಗೆದಳು. ಒಬ್ರೆನ್‌ನ ಕೈ ಬರಿದಾಯಿತು. ಎತ್ತಿದ ಆ ಕೈ ಈಗ ಎದುರು ಬರುವ ಗಾಡಿಯನ್ನು ನಿಲ್ಲು ಎಂದು ತಡೆಯುವಂತೆ ಕಂಡಿತು. ಅವಳು ಸೆರಗಿನಂತೆ ಇಳಿಬಿದ್ದಿದ್ದ ಚೌಕದ ತುದಿಯಿಂದ ಕಲ್ಲಿನ ಪುಡಿಯನ್ನು ಒರೆಸಿದಳು. ಅಷ್ಟು ಹೊತ್ತೂ ಒಣಗಿದ್ದ ಅವಳ ಕಣ್ಣು ಆಗ ತುಂಬಿಕೊಂಡಿತು.

ತಿಹೋಮಿರ್ ಸೀಸೆಗೆ ಬಿರಡೆ ಹಾಕಿದ.

"ಕೀಲಿ ಕೊಡು," ಎಂದಳು ವಿದೋಸಾವಾ, ಉಳಿಯನ್ನು ಪೆಟ್ಟಿಗೆಗೆ ಹಾಕುತ್ತಾ. "ನಿನ್ನ ಕನ್ನಡಿ ಗಾಡೀನ ಯಾರಾದ್ರೂ ನೆಟ್ಟಗಿರೋರು ಆಮೇಲೆ ತರ್ತಾರೆ. ನೀರು ನಮ್ಮ ಬಾವೀಲಿದೆ, ಮಿಲಿಸಾವ್ ತಂದು ಹಾಕ್ತಾನೆ. ನಿನ್ನ ಮಗನ ಮದುವೆ ರಾಕಿಯಾ ನಾನೇ ಇಳಿಸ್ತೀನಿ, ನೀನು ಕೂಮ್ ಅಂದ್ರೂ ಸರಿ, ಅನ್ನದಿದ್ರೂ ಸರಿ."

ಅವನು ಕೀಲಿ ಅವಳ ಅಂಗೈಗೆ ಹಾಕಿದ. ವ್ಯಾನಿನ ಆ ಕಡೆಯ ಬಾಗಿಲವರೆಗೆ ಹೋದವನು ಹತ್ತಲಿಲ್ಲ. ಹಿಂದಕ್ಕೆ ನಡೆದು, ಕೊಂಡಿಯ ಬಳಿ ಒದ್ದೆ ಬೂಟಿನಲ್ಲೇ ಕಷ್ಟಪಟ್ಟು ಮಂಡಿಯೂರಿ, ಸರಪಳಿಗಳು ಒಂದರ ಮೇಲೊಂದು ದಾಟಿವೆಯೇ ಎಂದು ಬಗ್ಗಿ ನೋಡಿದ. ಒಂದೊಂದನ್ನೂ ಹಿಡಿದು ಎಳೆದು ನೋಡಿದ. ಎಷ್ಟು ಹೊತ್ತಾದರೂ ಏಳಲಿಲ್ಲ.

ವಿದೋಸಾವಾ ಚಕ್ರದ ಕಲ್ಲು ತೆಗೆಯಲು ಬಂದವಳು ಅವನ ಬಗ್ಗಿದ ಬೆನ್ನನ್ನು ನೋಡುತ್ತಾ ನಿಂತಳು.

"ಇಷ್ಟೇ ಕಣೋ ಕೆಲಸ," ಎಂದಳು. "ಆವತ್ತು ಇಷ್ಟು ಮಾಡಿದ್ರೆ ಸಾಕಾಗಿತ್ತು."