ಎರಡು ಹೊಟ್ಟೆಯ ಕಾರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆ ಭಟ್ಕಳದ ಮುಟ್ಟಳ್ಳಿಯಲ್ಲಿ, ಪಾಠ ಮಾಡುವುದು ಕುಮಟೆಯ ಕಾಲೇಜಿನಲ್ಲಿ. ದಿನಾ ಹೋಗಿ ಬರುವಷ್ಟರಲ್ಲಿ ನೂರು ಕಿಲೋಮೀಟರ್ ಮೀರುತ್ತದೆ. ದಾರಿಯುದ್ದಕ್ಕೂ ಲಾರಿಯವರಿಗೆ ಬೈದು, ಹೊನ್ನಾವರದಲ್ಲಿ ಅಡ್ಡ ಬಂದ ರಿಕ್ಷಾದವರಿಗೆ ಬೈದು ಮನೆಗೆ ಬಂದರೂ ಬೈಗುಳ ಬಾಯಲ್ಲಿ ಇನ್ನೂ ಉಳಿದಿರುತ್ತಿತ್ತು. ಉಳಿದದ್ದು ಅಪ್ಪನ ಪಾಲಿಗೆ.

ಹಳೆಯ ಡೀಸೆಲ್ ಕಾರು ಒಂದೇ ಮಳೆಗಾಲದಲ್ಲಿ ಎರಡು ಸಲ ನಡುದಾರಿಯಲ್ಲಿ ಕೈಕೊಟ್ಟಿತು. ಎರಡನೇ ಸಲ ಅದರ ಬಾನೆಟ್ಟಿಗೆ ಎಷ್ಟು ಜೋರಾಗಿ ಗುದ್ದಿದೆನೆಂದರೆ ತಗಡು ತಗ್ಗಾಯಿತು, ನನ್ನ ಕೈ ಬಾತುಕೊಂಡಿತು. ಒಂದು ವಾರ ಬೋರ್ಡಿನ ಮೇಲೆ ಬರೆಯಲಾಗಲಿಲ್ಲ. ಹೊಸದು ತರುವುದೇ ಸೈ ಎಂದು ಅವತ್ತೇ ತೀರ್ಮಾನಿಸಿದೆ.

ಯಾವುದು ಎಂಬುದೇ ದೊಡ್ಡ ತಲೆಬಿಸಿ. ಪೂರ್ತಿ ಕರೆಂಟಿನದು ತಂದರೆ, ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡೆರಡು ದಿನ ಲೈನ್ ಇರುವುದಿಲ್ಲ. ಪೂರ್ತಿ ಪೆಟ್ರೋಲಿನದಾದರೆ ಸಂಬಳದಲ್ಲಿ ದೊಡ್ಡ ಪಾಲು ಬಂಕಿಗೇ ಹೋಗುತ್ತದೆ. ಪ್ಲಗ್-ಇನ್ ಹೈಬ್ರಿಡ್ಡು ಇವೆರಡರ ನಡುವಿನದು. ಮನೆಯಲ್ಲೇ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಿದರೆ ಅರವತ್ತು ಎಪ್ಪತ್ತು ಕಿಲೋಮೀಟರ್ ಬ್ಯಾಟರಿಯಲ್ಲೇ ಓಡುತ್ತದೆ, ಅದು ಮುಗಿದರೆ ಪೆಟ್ರೋಲು. ಅಂದರೆ ಕುಮಟೆ ಮುಟ್ಟುವವರೆಗೆ ಕರೆಂಟು, ಬರುವಾಗ ಪೆಟ್ರೋಲು. ಬೆಲೆ ಮಾತ್ರ ಮೂವತ್ತು ಲಕ್ಷದ ಆಚೆ. ಹಳೆ ಪ್ರಶ್ನೆಪತ್ರಿಕೆಯ ಬೆನ್ನಿಗೆ ಲೆಕ್ಕ ಹಾಕಿದೆ. ಏಳೆಂಟು ವರ್ಷ ಓಡಿಸಿದರೆ ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ ಎಂದು ಒಂದು ಸಲ ಬಂತು, ಹತ್ತು ವರ್ಷವಾದರೂ ಬರುವುದಿಲ್ಲ ಎಂದು ಇನ್ನೊಂದು ಸಲ. ಎರಡನೆಯ ಲೆಕ್ಕವನ್ನು ಹರಿದು ಹಾಕಿದೆ.

"ಎರಡು ನಮೂನಿ ಯಂತ್ರ ಅಂದ್ರೆ ಎರಡು ನಮೂನಿ ರಿಪೇರಿ" ಎಂದಳು ಹೆಂಡತಿ. ಅಪ್ಪ ಜಗಲಿಯಲ್ಲಿ ಎಲೆಯಡಿಕೆಯ ಕವಳ ಮೆಲ್ಲುತ್ತ ಕೂತಿದ್ದ. "ಎರಡು ಹೊಟ್ಟೆ ಇದ್ದ ಎಮ್ಮೆ ತಂದು ಕಟ್ತೆ ಅಂತಿಯಲ್ಲ ತಮಾ, ಎರಡಕ್ಕೂ ಹುಲ್ಲು ಹಾಕೂದು ಯಾರು?" ಎಂದು ನಕ್ಕ. ನನಗೆ ನಗು ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಚಾರ್ಜಿಂಗಿಗೆ ಮನೆಯ ವೈರಿಂಗ್ ತಾಳುತ್ತದೋ ಇಲ್ಲವೋ ನೋಡಲು ಎಲೆಕ್ಟ್ರಿಷಿಯನ್ ಬರುತ್ತಾನೆ ಎಂದು ಹೇಳಿದ್ದೇ ತಡ, ಅಪ್ಪನ ತಮಾಷೆ ನಿಂತಿತು.

"ಕಾರು ಬೇಕಾದ್ರೆ ತಕಾ. ಕರೆಂಟಿನವ ಮಾತ್ರ ಬ್ಯಾಡ."

"ಎಂತಕ್ಕೆ?"

"ಬ್ಯಾಡ ಅಂದ್ರೆ ಬ್ಯಾಡ."

ಉಣ್ಣುತ್ತಿದ್ದ ಬಟ್ಟಲನ್ನು ತೆಗೆದು ಗೋಡೆಗೆ ಎಸೆದೆ. ನನ್ನ ದುಡಿಮೆ, ನನ್ನ ಕಾರು, ಇವನ ಯಜಮಾನಿಕೆ ಎಷ್ಟು ದಿನ ಎಂದು ಕೂಗಾಡಿದೆ. ಎಂಟು ವರ್ಷದ ಮಗಳು ಕಾಲು ಮಡಚಿಕೊಂಡು ಮೂಲೆಯಲ್ಲಿ ಕೂತಳು. ಅಪ್ಪ ಬಟ್ಟಲು ಹೆಕ್ಕಿ ತಂದಿಟ್ಟು ಹೊರಗೆ ಹೋದ.

ಭಾನುವಾರ ಬೆಳಿಗ್ಗೆ ಬೇಗನೆ ಪಕ್ಕದೂರು ಜಾಲಿಯಿಂದ ಎಲೆಕ್ಟ್ರಿಷಿಯನ್ ಬಂದ. ಮೇನ್ ಸ್ವಿಚ್ ಬಂದ್ ಮಾಡಿ, ಗೋಡೆಗೆ ತೂತು ಹೊಡೆದು, ಒಂದು ತಾಸು ಕೆಲಸ ಮಾಡಿದ. ಆಮೇಲೆ ಮೇನ್ ಹಾಕಿ, ಮನೆಯೊಳಗಿನ ಸ್ವಿಚ್ಚುಗಳನ್ನೆಲ್ಲ ಆರಿಸಿ, ವೈರಿಗೆ ಕೈಮೀಟರನ್ನು ಕಚ್ಚಿಸಿ ನೋಡಿದ. ಅವನ ಹುಬ್ಬು ಗಂಟಾಯಿತು.

"ಸರ್, ಎಲ್ಲ ಬಂದ್ ಮಾಡಿದ್ರೂ ಕರೆಂಟ್ ಎಲ್ಲಿಗೋ ಹೋಗ್ತಾ ಉಂಟು. ಹಂದಿ ಬೇಲಿಗೆ ಕೊಟ್ಟಿದ್ರಾ?"

ನಾನು ಅಪ್ಪನನ್ನು ನೋಡಿದೆ. ಅಪ್ಪ ಗದ್ದೆಯ ಕಡೆ ನೋಡುತ್ತಿದ್ದ.

ಭತ್ತ ಕೊಯ್ದ ಗದ್ದೆಗೆ ನಾವು ಶೇಂಗಾ ಹಾಕುತ್ತೇವೆ. ಹಿಂದಿನ ವರ್ಷ ಕಾಡುಹಂದಿಗಳು ಒಂದು ಬುಡವನ್ನೂ ಬಿಡದೆ ಅಗೆದು ತಿಂದಿದ್ದವು. ಈ ಸಲ ಅಪ್ಪ ಯಾರಿಗೂ ಹೇಳದೆ ಕೊಟ್ಟಿಗೆಯ ಪ್ಲಗ್ಗಿನಿಂದ ವೈರೆಳೆದು, ತೆಂಗಿನ ಒಣಗರಿಯ ಮಡ್ಲಿನ ಅಡಿಯಲ್ಲಿ ಮುಚ್ಚಿ, ಗದ್ದೆಯ ಸುತ್ತ ಮೊಣಕಾಲೆತ್ತರಕ್ಕೆ ಬರಿ ತಂತಿ ಬಿಗಿದಿದ್ದ. ಕತ್ತಲಾದ ಮೇಲೆ ಪ್ಲಗ್ ಹಾಕುವುದು, ಬೆಳಗಾಗುವ ಮೊದಲು ಕೀಳುವುದು. ಅವತ್ತು ಅವನು ಏಳುವುದು ತಡವಾಗಿತ್ತು. ಎಲೆಕ್ಟ್ರಿಷಿಯನ್ ಆಗಲೇ ಮೇನ್ ಬಂದ್ ಮಾಡಿದ್ದರಿಂದ ಕೊಟ್ಟಿಗೆಯ ಬಲ್ಬು ಉರಿಯದಿದ್ದುದನ್ನು ಕಂಡು, ಲೈನ್ ಹೋಗಿದೆಯೆಂದುಕೊಂಡು ಕೀಳದೆ ಬಿಟ್ಟಿದ್ದ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಷ್ಟರಲ್ಲಿ ನಮ್ಮ ಮನೆಯ ನಾಯಿ ಕೂಗಿತು. ನಾಯಿ ಹಾಗೆ ಕೂಗುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗುಡ್ಡದ ಬುಡದಲ್ಲಿ ಗೇರುಬೀಜ ಹೆಕ್ಕಲು ಹೋದ ಮಗಳು ಗದ್ದೆಯಂಚಿನಲ್ಲಿ ವಾಪಸ್ ಬರುತ್ತಿದ್ದಳು, ನಾಯಿ ಅವಳ ಮುಂದೆ ಓಡಿ ಬಂದಿತ್ತು. ಈಗ ಅದು ತಂತಿಗೆ ಅಂಟಿಕೊಂಡು ಕಾಲು ಬಡಿಯುತ್ತಿತ್ತು. ಬಾಯಿಂದ ನೊರೆ, ನೊರೆಯಲ್ಲಿ ರಕ್ತ. ಸುಟ್ಟ ಕೂದಲಿನ ವಾಸನೆ ಅಂಗಳದವರೆಗೆ ಬಂತು. ಮಗಳು ಗೇರುಬೀಜದ ಬುಟ್ಟಿ ಬಿಸಾಡಿ, ನಾಯಿಯನ್ನು ಎಳೆಯಲು ಎರಡೂ ಕೈ ಚಾಚಿ ಓಡಿ ಬಂದಳು.

"ಮುಟ್ಟಬ್ಯಾಡ" ಎಂದು ನಿಂತಲ್ಲೇ ಕಿರುಚಿದೆ. ಓಡಿದವನು ಎಲೆಕ್ಟ್ರಿಷಿಯನ್, ಅದೂ ಗದ್ದೆಗಲ್ಲ, ಮೇನ್ ಸ್ವಿಚ್ಚಿಗೆ. ಅವನು ಅದನ್ನು ಕೆಳಕ್ಕೆ ಹೊಡೆದ ಸದ್ದಿಗೂ ಮಗಳ ಕೈ ನಾಯಿಯ ಮೈ ಮುಟ್ಟಿದ್ದಕ್ಕೂ ನಡುವೆ ಎಷ್ಟು ಹೊತ್ತಿತ್ತೋ ನನಗೆ ಗೊತ್ತಿಲ್ಲ. ಅವಳು ಸತ್ತ ನಾಯಿಯನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಅಳತೊಡಗಿದಳು. ಅಳುತ್ತಿದ್ದಾಳೆ ಎಂದರೆ ಬದುಕಿದ್ದಾಳೆ.

ಹೋಗಿ ಅವಳನ್ನು ಎತ್ತಿಕೊಳ್ಳಬೇಕಿತ್ತು. ನಾನು ತಿರುಗಿ ಅಪ್ಪನ ಕೆನ್ನೆಗೆ ಹೊಡೆದೆ. ಒಂದಲ್ಲ. ಅವನು ಕುಸಿದು ಕೂತ ಮೇಲೂ ಹೊಡೆದೆ. ಅವನ ತಲೆಯ ಟೋಪಿ ಹಾರಿ ಬಿತ್ತು. ಕೈ ಕಿವಿಗೆ ಬೀಳುತ್ತಿದೆ ಎಂದು ಗೊತ್ತಿತ್ತು, ಆದರೂ ಹೊಡೆದೆ. ಆ ಗಳಿಗೆಯಲ್ಲಿ ಅವನು ಸಾಯಲಿ ಎಂದೇ ನನಗಿತ್ತು, ಸುಳ್ಳು ಹೇಳಿ ಎಂತ ಮಾಡುವುದು. ಹೆಂಡತಿ ಮತ್ತು ಎಲೆಕ್ಟ್ರಿಷಿಯನ್ ಸೇರಿ ನನ್ನನ್ನು ಹಿಂದಕ್ಕೆಳೆದರು.

"ಸೋಲಾರ್ ಬೇಲಿ ಹಾಕಿಸಬಹುದಿತ್ತಲ್ಲ ಅಜ್ಜ" ಎಂದ ಎಲೆಕ್ಟ್ರಿಷಿಯನ್, ಉಸಿರು ಬಿಡುತ್ತ. "ಅದು ಬರೀ ಜುಮ್ ಅನಿಸ್ತದೆ, ಕೊಲ್ಲೂದಿಲ್ಲ."

ಅಪ್ಪ ನೆಲ ನೋಡುತ್ತ ಹೇಳಿದ: "ಕೇಳಿದ್ದೆ. ಇವ, ಅಷ್ಟು ದುಡ್ಡು ಶೇಂಗಾದಿಂದ ಹುಟ್ಟೂದಿಲ್ಲ, ಮುಂದಿನ ವರ್ಷ ನೋಡ್ವ ಅಂದ."

ಹೌದು, ಹಾಗೇ ಅಂದಿದ್ದೆ. ಫೋನಿನಲ್ಲಿ ಕಾರಿನ ಬಣ್ಣ ನೋಡುತ್ತ, ಮುಖ ಎತ್ತದೆ ಅಂದಿದ್ದೆ.

ಅಪ್ಪನ ಎಡಗಿವಿಯಿಂದ ರಕ್ತ ಬರುತ್ತಿತ್ತು. ಭಟ್ಕಳದಲ್ಲಾದರೆ ಗುರುತಿನವರು ಸಿಗುತ್ತಾರೆಂದು ಮರುದಿನ ಹೊನ್ನಾವರಕ್ಕೆ ಕರೆದುಕೊಂಡು ಹೋದೆ. ಎಷ್ಟು ನಾಚಿಕೆಗೇಡಿನ ಎಚ್ಚರಿಕೆ ನೋಡಿ. ಅಜ್ಜನನ್ನು ಬಿಟ್ಟಿರಲಾರೆನೆಂದು ಮಗಳೂ ಬಂದಿದ್ದಳು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು, ತಮಟೆ ಹರಿದಿದೆ, ಹೇಗಾಯಿತು ಎಂದು ಕೇಳಿದರು.

"ತೆಂಗಿನ ಮಡ್ಲು ಬಿತ್ತು" ಎಂದ ಅಪ್ಪ.

"ಮಡ್ಲು ಅಲ್ಲ" ಎಂದಳು ಮಗಳು. "ಅಪ್ಪ ಹೊಡೆದದ್ದು."

ಡಾಕ್ಟರು ನನ್ನನ್ನು ಒಂದು ಸಲ ನೋಡಿ, ಚೀಟಿ ಬರೆದರು. ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆ ಕಿವಿ ಮತ್ತೆ ಸರಿಯಾಗಲಿಲ್ಲ.

ಕಾರು ತಂದೆ. ಎಲ್ಲ ಬಿಟ್ಟೆ, ಕಾರು ಬೇಡವೆಂದೆ ಎಂದು ಬರೆದು ಒಳ್ಳೆಯವನಾಗುವ ಆಸೆ ನನಗಿಲ್ಲ. ಸೋಲಾರ್ ಬೇಲಿಯನ್ನೂ ಹಾಕಿಸಿದೆ. ಕಾರಿನ ಮೊದಲ ವರ್ಷದ ಇನ್ಶೂರೆನ್ಸಿಗಿಂತ ಕಮ್ಮಿಯಲ್ಲಿ ಅದು ಮುಗಿಯಿತು. ಪೆಟ್ರೋಲು ಉಳಿಯುತ್ತಿರುವುದೂ ಹೌದು.

ಬ್ಯಾಟರಿಯಲ್ಲಿ ಹೊರಟಾಗ ಆ ಕಾರಿಗೆ ಸದ್ದೇ ಇಲ್ಲ ಅನ್ನಬೇಕು. ತಂದ ಮೂರನೇ ದಿನ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಬೆನ್ನು ಮಾಡಿ ತೆಂಗಿನಕಾಯಿ ರಾಶಿ ಹಾಕುತ್ತಿದ್ದ. ನಾನು ಹಿಂದೆ ನೋಡುತ್ತ ಕಾರನ್ನು ಮುಂದಕ್ಕೆ ತಿರುಗಿಸುತ್ತಿದ್ದೆ. ಮುಂದೆ ನೋಡಿದಾಗ ಬಂಪರಿಗೂ ಅವನ ಕಾಲಿಗೂ ಒಂದು ಗೇಣು ಇತ್ತು. ಬ್ರೇಕು ತುಳಿದೆ. ಕಾರು ಅಷ್ಟು ಹತ್ತಿರ ಬಂದದ್ದು ಅವನಿಗೆ ಕೇಳಿಸಿರಲೇ ಇಲ್ಲ. ನಾನು ಬಾಗಿಲು ತೆಗೆದು, ಗಾಬರಿಯಲ್ಲಿ, ಅವನನ್ನು ಹಿಡಿದುಕೊಳ್ಳಲೆಂದು ಓಡಿ ಹೋದೆ. ಅಪ್ಪ ತಿರುಗಿದ. ಕಾರನ್ನು ಅವನು ನೋಡಲೂ ಇಲ್ಲ. ನನ್ನನ್ನು ನೋಡಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.