ಬೆರಳು ಮೂಸಿ ಮಗು ಕೊಟ್ಟವರು

ಮೊಣಕಾಲಿನಿಂದ ಕೆಳಗೆ ಅವರ ಎರಡೂ ಕಾಲುಗಳು ಪಾಲಿಶ್ ಹಾಕಿದ ಕಡಪಾ ಕಲ್ಲಿನ ಹಾಗೆ ಮಿಂಚುತ್ತಿದ್ದವು. ಎಷ್ಟು ವರ್ಷದ ಹರಳೆಣ್ಣೆಯೋ, ಎಷ್ಟು ಎಳೆಕೂಸುಗಳು ಆ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡಿದ್ದವೋ! ಗಾರೆ ಕೆಲಸದವನು ನಾನು. ಅಂಥ ನಯ ಯಾವ ಮೆಶಿನ್ನಿನಿಂದಲೂ ಬರುವುದಿಲ್ಲ.

ನಮ್ಮ ಚಿಕ್ಕಲಸಂದ್ರದ ಸುತ್ತ ಬಾಣಂತಿಗೂ ಮಗುವಿಗೂ ಸ್ನಾನ ಮಾಡಿಸಲು ಅವರೇ ಬರಬೇಕಿತ್ತು. ಎಲ್ಲರೂ ನೀರಜ್ಜಿ ಅನ್ನುತ್ತಿದ್ದೆವು. ತೊಂಬತ್ತೇಳನೇ ಇಸವಿಯಲ್ಲಿ ನನ್ನ ಮಗಳಿಗೆ ಹೆಣ್ಣು ಮಗುವಾಯಿತು. ನನಗೆ ಮೊದಲ ಮೊಮ್ಮಗಳು! ಆಗ ನಾನು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದೆ. ಹೆಂಡತಿ ಬೈದಿದ್ದಳು, ಡಾಕ್ಟರು ಹೆದರಿಸಿದ್ದರು. ಏಲಕ್ಕಿ, ಶುಂಠಿ, ಪೆಪ್ಪರ್‌ಮೆಂಟು ಎಲ್ಲ ಬಾಯಿಗೆ ಹಾಕಿಕೊಂಡದ್ದಾಗಿತ್ತು. ಬೀಡಿ ಬಿಟ್ಟಿರಲಿಲ್ಲ.

ಬೆಳಿಗ್ಗೆ ಹಂಡೆ ನೀರಿನ ಹಬೆಯಲ್ಲಿ ನೀರಜ್ಜಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ತೀಡುತ್ತಾ ಮಾತಾಡುವರು. "ಈ ಕೈ ಅಕ್ಷರ ಬರೆಯಕ್ಕೆ, ಈ ಕೈ ಅನ್ನ ಕಲ್ಸಕ್ಕೆ. ಈ ಕಾಲು ಬಸ್ ಹತ್ತಕ್ಕೆ, ಈ ಕಾಲು ಇಳಿಯಕ್ಕೆ." ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸುವರು. ಕಿಟಕಿಯ ಬಿಸಿಲುಕೋಲಿನಲ್ಲಿ ಆ ಹೊಗೆ ಏಳುತ್ತಿದ್ದರೆ ನಮ್ಮ ಶೀಟಿನ ಮನೆ ನೆಲ ಬಿಟ್ಟು ಮೋಡದಲ್ಲಿ ತೇಲಿದಂತೆ ನನಗೆ ಕಾಣುತ್ತಿತ್ತು.

ಮೊದಲ ದಿನ ಮಗು ಎತ್ತಿಕೊಳ್ಳಲು ಕೈ ಚಾಚಿದೆ. ನೀರಜ್ಜಿ ನನ್ನ ಬಲಗೈ ಹಿಡಿದು, ಅನ್ನ ಹಳಸಿದೆಯೋ ಎಂದು ನೋಡುವ ಹಾಗೆ ಎರಡು ಬೆರಳು ಮೂಸಿದರು.

"ಮೇಸ್ತ್ರಿ, ಈಗ ತಾನೆ ನೀರು ಹಾಕಿದೀನಿ. ಈ ಬೆರಳಿಗೆ ಕೂಸು ಕೊಡಲ್ಲ."

"ಅಯ್ಯೋ, ನನ್ ಮೊಮ್ಮಗಳು ಕಣಮ್ಮ!"

"ನಿಂದೇ ಕಣಪ್ಪ, ನಾನೇನ್ ಹೊತ್ಕೊಂಡ್ ಹೋಗ್ತೀನಾ? ನಾಳೆ ನೋಡಾಣ."

ಮರುದಿನ ನಿಂಬೆ ಹೋಳು ಉಜ್ಜಿಕೊಂಡು ಹೋದೆ. ಉಗುರಿನ ಸಂದು ಮೂಸಿ ತಲೆಯಾಡಿಸಿದರು. ಮೂರನೇ ದಿನವೂ ಅಷ್ಟೇ. ನಾಲ್ಕನೇ ದಿನ ನಾನೊಂದು ಕಳ್ಳಕೆಲಸ ಮಾಡಿದೆ. ಹಿತ್ತಲಲ್ಲಿ ಬೀಡಿ ಸೇದಿ ಬಂದು, ಅವರದೇ ಸಾಂಬ್ರಾಣಿ ಹೊಗೆಗೆ ಎರಡೂ ಕೈ ಹಿಡಿದೆ. ನೀರಜ್ಜಿ ಮೂಸಿದರು. ನನ್ನ ಮುಖ ನೋಡಿದರು. ಮಗು ಕೊಟ್ಟರು.

ಆ ಬೆಚ್ಚಗಿನ ಭಾರ! ನೆತ್ತಿಗೆ ಮೀಸೆ ಒತ್ತಿ ಎಷ್ಟು ಮುತ್ತು ಕೊಟ್ಟೆನೋ. ನಾನು ತಣಿಯುವ ತನಕ ನೀರಜ್ಜಿ ಕಾದರು.

"ಈಗ ಕೂಸಿನ ನೆತ್ತಿ ಮೂಸು."

ಮೂಸಿದೆ. ಬೀಡಿ ವಾಸನೆ. ನನ್ನ ಮೀಸೆಯದು.

ಅವರು ಬೈಯಲಿಲ್ಲ. ಮಗುವನ್ನು ತೆಗೆದುಕೊಂಡು, ಮತ್ತೆ ಕಾಲು ಚಾಚಿ ಕೂತು, ಎರಡನೇ ಸಲ ನೀರು ಹಾಕಿದರು. ನಿದ್ದೆಗೆ ಜಾರಿದ್ದ ಕೂಸು ಅತ್ತೂ ಅತ್ತೂ ಕೆಂಪಾಯಿತು. ಆ ಸಲ ಅವರು ಕೈಕಾಲಿನ ಮಾತು ಆಡಲಿಲ್ಲ.

ಆಮೇಲೆ ನನ್ನ ಜೇಬಿಗೆ ಕೈ ಹಾಕಿ ಬೀಡಿಕಟ್ಟು ತೆಗೆದು ಹಂಡೆ ಒಲೆಗೆ ಎಸೆದರು. ಮಗುವನ್ನು ಸುತ್ತಿದ್ದ ಹಳೇ ಸೀರೆಯಿಂದ ಅಂಗೈಯಗಲ ಹರಿದು, ಸಾಂಬ್ರಾಣಿಗೆ ಹಿಡಿದು, ಅದೇ ಜೇಬಿಗೆ ಇಟ್ಟರು. "ಸೇದ್ಬೇಕು ಅನ್ಸಿದಾಗ ಇದನ್ನ ಮೂಸು. ಬೀಡಿ ಸೇದಿ ಮೂಸಿದ್ರೆ ಇದ್ರಲ್ಲಿ ಏನೂ ಸಿಗಲ್ಲ, ಹೇಳಿದೀನಿ."

ಪದ್ಮನಾಭನಗರದಲ್ಲಿ ಕಟ್ಟುತ್ತಿದ್ದ ಮನೆಯ ಸಾರುವೆ ಹಲಗೆ ಮೇಲೆ ಕೂತು, ಉಳಿದವರು ಬೀಡಿ ಹಚ್ಚಿದಾಗ ನಾನು ಬಟ್ಟೆಗೆ ಮೂಗು ಒತ್ತುತ್ತಿದ್ದೆ.

"ಏನ್ ಮೇಸ್ತ್ರಿ, ನೆಗಡಿನಾ?"

"ನೆಗಡಿ ಅಲ್ಲ ಕಣ್ರೋ, ಮೊಮ್ಮಗಳು!"

ಕಣ್ಣು ಮುಚ್ಚಿದರೆ ಸಿಮೆಂಟಿನ ಧೂಳೆಲ್ಲ ಹಂಡೆಯ ಹಬೆಯಾಗುತ್ತಿತ್ತು. ಎರಡು ಸಲ ಸೋತೆ. ಆ ಎರಡು ದಿನ ನಾನೇ ಹೇಳಿ ದೂರ ಕೂತೆ. ನೀರಜ್ಜಿ, "ನಾಳೆ ನೋಡಾಣ," ಅಂದರು. ಬಾಣಂತನ ಮುಗಿಯುವ ಹೊತ್ತಿಗೆ ಬಟ್ಟೆ ನೂಲು ಬಿಟ್ಟಿತ್ತು, ನಾನು ಬೀಡಿ ಬಿಟ್ಟಿದ್ದೆ.

ಏಳೆಂಟು ವರ್ಷದ ಮೇಲೆ, ನೀರಜ್ಜಿ ಅರೆಕೆರೆಯಲ್ಲಿ ತಮ್ಮ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಆದರೆ ನನ್ನ ಬಲಗೈ ಎಳೆದುಕೊಂಡು ಎರಡು ಬೆರಳು ಮೂಸಿದರು. ಬಹಳ ಹೊತ್ತು ಮೂಸಿದರು.

"ಹ್ಞೂಂ. ತಗೋ, ಎತ್ಕೋ. ನೆತ್ತಿ ಹುಷಾರು," ಎಂದು ಬರಿಯ ಎರಡು ಕೈಗಳನ್ನು ನನ್ನತ್ತ ಚಾಚಿದರು.

ನಾನು ಕೈ ಒಡ್ಡಿ ತೆಗೆದುಕೊಂಡೆ. ಎದೆಗೆ ಒತ್ತಿಕೊಂಡೆ. ಮುಂದಿನ ವಾರ ಅವರು ಹೋದರು.

ಹೋದ ತಿಂಗಳು ಮಗನಿಗೆ ಗಂಡು ಮಗುವಾಗಿದೆ. ನನ್ನ ಸಂತೋಷವನ್ನು ಎಲ್ಲಿ ಇಡಲಿ! ಯಾರೂ ಕೇಳದಿದ್ದರೂ ನನ್ನ ಬೆರಳು ನಾನೇ ಮೂಸಿಕೊಂಡು ಎತ್ತಿಕೊಂಡೆ. "ಈ ಕೈ ಅಕ್ಷರ ಬರೆಯಕ್ಕೆ," ಅಂದೆನೋ ಇಲ್ಲವೋ, ಪಕ್ಕದಲ್ಲಿದ್ದ ಅದೇ ಮೊಮ್ಮಗಳು, ಈಗ ಹತ್ತು ವರ್ಷದವಳು, ತಮ್ಮನ ಪುಟ್ಟ ಪಾದ ಹಿಡಿದು ಹೇಳಿದಳು: "ಈ ಕಾಲು ಬಸ್ ಹತ್ತಕ್ಕೆ, ತಾತ."