ಬದುವಕ್ಕ ಕೂತ ವರ್ಷ

ಬೆಳಗಾದರೆ ಹೊಲದ ಬದುವಿನ ಮೇಲೆ, ಬೈಗಾದರೂ ಬದುವಿನ ಮೇಲೆ. ಹಾಗಾಗಿ ಊರು ಅವಳನ್ನು ಬದುವಕ್ಕ ಎಂದೇ ಕರೆಯಿತು. ಗಂಡ ತೀರಿಕೊಂಡ ಮೇಲೆ ಮನೆತನದ ಜಂಟಿ ಹೊಲದಲ್ಲಿ ಹನ್ನೊಂದು ವರ್ಷ ಅವಳೊಬ್ಬಳೇ ಬೆಳೆ ತೆಗೆದಳು. ಉಳುವವರಿಗೆಂದು ಸರ್ಕಾರ ಕೊಡುವ ಸಹಾಯಧನ ಮಾತ್ರ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ಮೈದುನನಿಗೆ ಹೋಗುತ್ತಿತ್ತು. ಅಣ್ಣ ಸತ್ತ ವಾರದಲ್ಲೇ, "ಕಚೇರಿ ಓಡಾಟ ನಿಮಗ್ಯಾಕೆ ಅತ್ತಿಗೆ, ನಾನಿದ್ದೀನಲ್ಲ," ಎನ್ನುತ್ತ ಅರ್ಜಿಯಲ್ಲಿ ಉಳುವವನು ತಾನೇ ಎಂದು ಬರೆಸಿಕೊಂಡಿದ್ದ.

ವರ್ಷಕ್ಕೊಮ್ಮೆ ಅಧಿಕಾರಿ ತನಿಖೆಗೆ ಬರುತ್ತಿದ್ದರು. ಅರ್ಜಿ ಹಾಕಿದವರು ತಾವೇ ಹೊಲದ ಎಲ್ಲೆ ಸುತ್ತಿ ತೋರಿಸಬೇಕು. ಅಧಿಕಾರಿಯ ಕೈಯಲ್ಲಿನ ಯಂತ್ರ ಆ ನಡಿಗೆಯನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯುತ್ತಿತ್ತು. ಈ ಹೊಲದ ಎಲ್ಲೆ ಸುಲಭದ್ದಲ್ಲ. ಹಳ್ಳ ಹಿಂದೊಮ್ಮೆ ದಿಕ್ಕು ಬದಲಿಸಿ ಹೊಲವನ್ನು ಎರಡು ಮಾಡಿತ್ತು. ಹಳ್ಳದಾಚೆಯ ಮೂಲೆ ಇವರದು, ಈಚೆ ಅವರೆ ಬಿತ್ತಿದ ಪಟ್ಟಿ ಪಕ್ಕದವರದು. ಅದಕ್ಕೇ ಬದುವಕ್ಕ ಕುಡುಗೋಲು ಹಿಡಿದು, ಮುಳ್ಳು ಸವರುವವಳಂತೆ ಮುಂದೆ ನಡೆಯುತ್ತಿದ್ದಳು. ಮೈದುನ ಅವಳ ಹಿಮ್ಮಡಿ ನೋಡಿಕೊಂಡು ಹಿಂದೆ ಬರುತ್ತಿದ್ದ.

ಹೋದ ವರ್ಷ ಅಧಿಕಾರಿ ಕೇಳಿದ್ದರು, "ಇವರು ಯಾರು?"

"ಕೂಲಿಯವಳು ಸಾರ್. ಹಳಬಳು, ಬಾಯಿ ಸ್ವಲ್ಪ ಜಾಸ್ತಿ."

ಬದುವಕ್ಕ ಆವತ್ತು ಮುಳ್ಳು ಸವರುತ್ತಲೇ ಎಲ್ಲೆ ಸುತ್ತಿ ಮುಗಿಸಿದಳು. ಕಳೆ ಕೀಳುವಾಗ ಆ ಮಾತು ನೆನೆದಳು, ನೀರು ಕಟ್ಟುವಾಗ ನೆನೆದಳು. ಒಲೆಯ ಮೇಲಿನ ಹಾಲಿನಂತೆ ಸಿಟ್ಟು ಕಾದಷ್ಟೂ ಗಟ್ಟಿಯಾಯಿತು.

ಈ ವರ್ಷ ಅಧಿಕಾರಿ ಬಂದಾಗ ಅವಳು ಕಾಲು ಚಾಚಿ ಕೂತಿದ್ದಳು.

"ಅತ್ತಿಗೆ, ಏಳಿ, ಹೊತ್ತಾಯ್ತು," ಮೈದುನ ಪಿಸುಗುಟ್ಟಿದ.

"ಮಂಡಿ ನೋವು ಕಣಪ್ಪ. ನೀನೇ ಸುತ್ತಿ ಬಾ."

ಅವನು ಹೊರಟ, ಹಿಂದೆ ಯಂತ್ರ ಹಿಡಿದ ಅಧಿಕಾರಿ. ಹಳ್ಳದ ತನಕ ಸರಿಯಾಗಿಯೇ ಹೋದ. ಅಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಬೂಟು ನೆನೆಸಲು ಮನಸ್ಸಾಗದೆ ಅವರೆ ಪಟ್ಟಿಗೆ ನುಗ್ಗಿದ. ಬದುವಕ್ಕ ಕೂಗಬಹುದಿತ್ತು. ಹುಲ್ಲುಕಡ್ಡಿ ಕಚ್ಚಿಕೊಂಡು ನೋಡುತ್ತ ಕೂತಳು. ಮೆಕ್ಕೆಜೋಳದ ಗರಿಗಳ ಮೇಲೆ ಬಿಸಿಲು ಆಡುತ್ತಿತ್ತು. ಅಷ್ಟು ಚಂದದ ಬೆಳಗನ್ನು ಅವಳು ಹನ್ನೊಂದು ವರ್ಷದಲ್ಲಿ ಕಂಡಿರಲಿಲ್ಲ.

ಪಕ್ಕದ ಹೊಲದ ಮುದುಕ ಎದ್ದು ಬಂದ. "ಯಾರಯ್ಯಾ ಅದು, ನನ್ನ ಅವರೆ ತುಳೀತಿರೋದು? ಕಣ್ಣೇನು ನೆತ್ತಿ ಮೇಲಿದ್ಯಾ?"

"ಇದು ನನ್ನ ಹೊಲ!"

"ಓಹೋ! ಹಾಗಾದ್ರೆ ನನ್ನ ಎಮ್ಮೇನೂ ನಿನ್ನದೇ. ಬಾ, ಹಾಲು ಕರ್ಕೊಂಡು ಹೋಗು."

ಅಧಿಕಾರಿ ಯಂತ್ರ ನೋಡಿದರು, ಮೈದುನನ ಮುಖ ನೋಡಿದರು. ಬದುವಕ್ಕನ ಬಳಿ ಬಂದು, "ಅಮ್ಮ, ಎಲ್ಲೆ ನಿಮಗೆ ಗೊತ್ತಾ?" ಎಂದರು.

"ಕೂಲಿಯವಳಿಗೆ ಹೇಗೆ ಗೊತ್ತಿರುತ್ತೆ ಸಾರ್? ಬಾಯಿ ಜಾಸ್ತಿ, ಅಷ್ಟೇ."

ಹಾಗೆಂದವಳು ಎದ್ದಳು. ಮಂಡಿ ನೋವು ಎತ್ತ ಹೋಯಿತೋ. ಹಳ್ಳಕ್ಕಿಳಿದು, ಆಚೆಯ ಮೂಲೆಯ ಕಲ್ಲು ಮುಟ್ಟಿ, ಹೊಲವನ್ನು ಪೂರ್ತಿ ಸುತ್ತಿ ಬಂದಳು. ಅವಳ ನಡಿಗೆ ನಕ್ಷೆಯಲ್ಲಿದ್ದ ಎಲ್ಲೆಯ ಗೆರೆಯ ಮೇಲೇ ಕೂತಿತು. ಉಳುವವರು ಯಾರೆಂದು ಅಧಿಕಾರಿ ಕೇಳಿದಾಗ ಮುದುಕ ಅವಳತ್ತ ಕೈ ಮಾಡಿದ.

ಮೈದುನ ಅಡ್ಡ ಬಂದ. "ಅತ್ತಿಗೆ, ನಿಮ್ಮ ಕೈತುತ್ತು ತಿಂದು ಬೆಳೆದವನು ನಾನು. ಇಬ್ಬರೂ ಸೇರಿ ಉಳ್ತೀವಿ ಅಂತ ಒಂದು ಮಾತು ಹೇಳಿಬಿಡಿ."

"ಆ ಮಮತೆ ಇತ್ತು ಅಂತಲೇ ಇಷ್ಟು ವರ್ಷ ತಡ್ಕೊಂಡೆ," ಎಂದು ಅವಳು, ಉಳುವವಳು ತಾನೊಬ್ಬಳೇ ಎಂದು ಅಧಿಕಾರಿ ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿದಳು.

ಸಹಾಯಧನದ ಹೊಸ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ ದಿನ ಮೈದುನ ಬಂದೇ ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆಯೇ ಹೋಗಿ ಬೆಂಚಿನ ಮೇಲೆ ಕೂತಳು. ಇಷ್ಟು ಸಾಕು, ಮನೆಗೆ ಹೋಗೋಣ ಎಂದು ಮನಸ್ಸು ಒಮ್ಮೆ ಅಂದಿತು. ಪುಟ್ಟವನಾಗಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದು ನೆನಪಾಯಿತು. ಆದರೂ ಏಳಲಿಲ್ಲ.

ಅವನು ಬಂದು ಪಟ್ಟಿಯ ಮುಂದೆ ನಿಂತ. ಅವಳು ಪಕ್ಕಕ್ಕೆ ಹೋದಳು.

"ಕನ್ನಡಕ ತಂದಿಲ್ಲಪ್ಪ. ನಮ್ಮ ಹೊಲದ ಮುಂದೆ ಯಾರ ಹೆಸರಿದೆ, ಸ್ವಲ್ಪ ಓದು."

ಕನ್ನಡಕ ಅವಳ ಚೀಲದಲ್ಲೇ ಇತ್ತು. ಅವನು ಗಂಟಲಲ್ಲೇ ಓದಿದ. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಿರುಗಿದರು.

"ಕೇಳಿಸ್ಲಿಲ್ಲ," ಎಂದಳು. "ಇನ್ನೊಂದ್ಸಲ ಓದು."